ಕೊಬ್ಬಿನ ತೂಬು, ಕರುಳಿನ ಕ್ಯಾನ್ಸರ್: ವಂಶವಾಹಿಗಳ ಸಾಕ್ಷ್ಯ ಎಷ್ಟು ಗಟ್ಟಿ?

1980ರ ದಶಕದ ಆರಂಭದಲ್ಲಿ ವೈದ್ಯಲೋಕ ಒಂದು ಇಕ್ಕಟ್ಟಿಗೆ ಸಿಲುಕಿತು. ಹೃದಯ ಕಾಪಾಡಿಕೊಳ್ಳಬೇಕಾದರೆ ರಕ್ತದ ಕೊಲೆಸ್ಟರಾಲ್ ಇಳಿಸಿಕೊಳ್ಳಿ ಎಂದು ಜನರಿಗೆ ಬುದ್ಧಿ ಹೇಳುತ್ತಿದ್ದ ಹೊತ್ತಿನಲ್ಲೇ, ಕೊಲೆಸ್ಟರಾಲ್ ಕಡಿಮೆ ಇದ್ದವರಲ್ಲಿ ಕ್ಯಾನ್ಸರ್ ಹೆಚ್ಚು ಎನ್ನುವ ಅಂಕಿಅಂಶಗಳು ಒಂದೊಂದಾಗಿ ಹೊರಬಂದವು. ಅಮೆರಿಕದ ಪ್ರಸಿದ್ಧ ಫ್ರಾಮಿಂಗ್‌ಹ್ಯಾಮ್ ಅಧ್ಯಯನ 1981ರಲ್ಲಿ ಗಂಡಸರ ದೊಡ್ಡ ಕರುಳಿನ ಕ್ಯಾನ್ಸರ್ ವಿಷಯದಲ್ಲಿ ಇದನ್ನೇ ಹೇಳಿತು. ಹಾಗಾದರೆ ಹೃದಯ ಉಳಿಸಲು ಹೋಗಿ ಕರುಳನ್ನು ಅಪಾಯಕ್ಕೆ ಒಡ್ಡುತ್ತಿದ್ದೇವೆಯೇ? ಅಥವಾ ಒಳಗೆ ಯಾರಿಗೂ ತಿಳಿಯದಂತೆ ಬೆಳೆಯುತ್ತಿರುವ ಗಡ್ಡೆಯೇ ಕೊಲೆಸ್ಟರಾಲನ್ನು ಕೆಳಗಿಳಿಸುತ್ತಿದೆಯೇ? ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ರಕ್ತಪರೀಕ್ಷೆಯ ಚೀಟಿ ಹೇಳುವುದಿಲ್ಲ.

1986ರಲ್ಲಿ ಮಾರ್ಟೈನ್ ಕಟಾನ್ ಎಂಬ ಡಚ್ ವಿಜ್ಞಾನಿ ಲ್ಯಾನ್ಸೆಟ್ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. ಅದರಲ್ಲಿ ಹೊಸ ಅಂಕಿಅಂಶ ಯಾವುದೂ ಇರಲಿಲ್ಲ, ಒಂದು ಉಪಾಯ ಮಾತ್ರ ಇತ್ತು. ಏಪೊ-ಇ ಎಂಬ ಜೀನ್ ಜನರಲ್ಲಿ ಮುಖ್ಯವಾಗಿ ಮೂರು ರೂಪಗಳಲ್ಲಿದೆ. ಅವುಗಳಲ್ಲಿ ಇ2 ರೂಪ ಪಡೆದವರಿಗೆ ಹುಟ್ಟಿದಾರಭ್ಯ ಕೊಲೆಸ್ಟರಾಲ್ ಕಡಿಮೆ, ಇ4 ಪಡೆದವರಿಗೆ ಹೆಚ್ಚು. ಗಡ್ಡೆ ಬೆಳೆದು ಕೊಲೆಸ್ಟರಾಲ್ ಇಳಿಯಬಹುದು, ಆದರೆ ಗಡ್ಡೆ ಬೆಳೆದರೆ ಹುಟ್ಟಿನಿಂದ ಬಂದ ಜೀನ್ ಬದಲಾಗುವುದಿಲ್ಲ. ಆದ್ದರಿಂದ ಕಡಿಮೆ ಕೊಲೆಸ್ಟರಾಲ್ ನಿಜಕ್ಕೂ ಕ್ಯಾನ್ಸರ್ ತರುವುದಾದರೆ ರೋಗಿಗಳ ನಡುವೆ ಇ2 ಹೊಂದಿದವರು ಹೆಚ್ಚು ಸಿಗಬೇಕು. ಇಷ್ಟೇ ಕಟಾನ್ ವಾದ.

ಆ ಉಪಾಯಕ್ಕೆ ಇಂದು ಮೆಂಡೆಲಿಯನ್ ರ‍್ಯಾಂಡಮೈಸೇಶನ್ ಎಂಬ ಭಾರೀ ಹೆಸರಿದೆ, ಅದನ್ನು ಬಳಸಿದ ಪ್ರಬಂಧಗಳು ಸಾವಿರಗಟ್ಟಲೆ ಇವೆ. ತಂದೆ ತಾಯಿಯ ಎರಡು ಪ್ರತಿಗಳಲ್ಲಿ ಯಾವುದು ಮಗುವಿಗೆ ಬರುತ್ತದೆ ಎಂಬುದು ನಾಣ್ಯ ಚಿಮ್ಮಿದಂತೆ. ಪ್ರಕೃತಿಯೇ ಚೀಟಿ ಎತ್ತಿ ಜನರನ್ನು ಎರಡು ಗುಂಪು ಮಾಡಿಟ್ಟಿದೆ, ನಾವು ನೋಡಿದರೆ ಸಾಕು. ಕಟಾನ್ ಕೇಳಿದ ಪ್ರಶ್ನೆಗೆ ಉತ್ತರ ಸಿಗಲು ಮಾತ್ರ ಎರಡು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಸುಮಾರು 2,900 ವೃದ್ಧರನ್ನು ಅನುಸರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೊಲೆಸ್ಟರಾಲ್ ಕಡಿಮೆ ಇದ್ದವರಲ್ಲಿ ಕ್ಯಾನ್ಸರ್ ಹೆಚ್ಚೇ ಕಂಡಿತು. ಆದರೆ ಏಪೊ-ಇ ರೂಪಕ್ಕೂ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಕಡಿಮೆ ಕೊಲೆಸ್ಟರಾಲ್ ಮೇಲಿದ್ದ ಆರೋಪ ಬಹುಮಟ್ಟಿಗೆ ಅಲ್ಲಿಗೆ ಬಿದ್ದುಹೋಯಿತು.

ಅದೇ ಉಪಾಯ ಬೇರೊಂದು ಕೊಬ್ಬಿನತ್ತ ತಿರುಗಿದಾಗ ಬಂದ ಉತ್ತರ ಬೇರೆಯಾಗಿತ್ತು. ಈ ಲೇಖನದ ವಿಷಯ ಅದೇ.

ಅದಕ್ಕೆ ಮೊದಲು ವಂಶದ ಪಾಲು ಎಷ್ಟು ಎಂಬ ಅಂದಾಜು ಬೇಕು. ಜಗತ್ತಿನಲ್ಲಿ 2022ರ ಒಂದೇ ವರ್ಷದಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಲ್ಲಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 9 ಲಕ್ಷ ಜನ ಅದರಿಂದ ಸತ್ತರು. ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ 44,788 ಅವಳಿ ಜೋಡಿಗಳನ್ನು ನೋಡಿ 2000ದಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಈ ರೋಗ ಯಾರಿಗೆ ಬರುತ್ತದೆ ಯಾರಿಗೆ ಬರುವುದಿಲ್ಲ ಎಂಬ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಸುಮಾರು ಶೇ 35. ಎಪಿಸಿ ಜೀನ್ ಕೆಟ್ಟು ಕರುಳಿನ ಒಳಗೋಡೆಯಲ್ಲಿ ನೂರಾರು ಸಣ್ಣ ಗಂಟುಗಳು, ಅಂದರೆ ಪಾಲಿಪ್‌ಗಳು ಏಳುವ ಕಾಯಿಲೆ, ಡಿಎನ್‌ಎ ತಿದ್ದುವ ಜೀನ್‌ಗಳು ಕೆಟ್ಟು ಬರುವ ಲಿಂಚ್ ಸಿಂಡ್ರೋಮ್ ಇವೆಲ್ಲ ಮನೆತನಗಳನ್ನೇ ಕಾಡುವ ಪ್ರಬಲ ಕಾರಣಗಳು. ಆದರೆ ಒಟ್ಟು ರೋಗಿಗಳಲ್ಲಿ ಇಂಥವರು ನೂರಕ್ಕೆ ಐದಾರು ಮಂದಿ ಮಾತ್ರ. ಉಳಿದ ಪಾಲು ಒಂದೊಂದೂ ಸಾಸಿವೆಯಷ್ಟು ಅಪಾಯ ಹೊತ್ತ ನೂರಾರು ಜಾಗಗಳಲ್ಲಿ ಹರಡಿಕೊಂಡಿದೆ. ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ಡಿಎನ್‌ಎ ಪರೀಕ್ಷಿಸಿ 2023ರಲ್ಲಿ ಬಂದ ಅಧ್ಯಯನ ಅಂಥ 205 ಗುರುತುಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಹೆಚ್ಚಿನವು ಏನು ಮಾಡುತ್ತವೆ ಎಂದು ಹೇಳುವುದೇ ಕಷ್ಟ. ಆದರೆ ಹನ್ನೊಂದನೇ ವರ್ಣತಂತುವಿನ ಒಂದು ಜಾಗದ ಕೆಲಸ ನಮಗೆ ಚೆನ್ನಾಗಿ ಗೊತ್ತು.

ಅಲ್ಲಿ ಎಫ್‌ಎಡಿಎಸ್‌1, ಎಫ್‌ಎಡಿಎಸ್‌2 ಎಂಬ ಜೀನ್‌ಗಳು ಅಕ್ಕಪಕ್ಕ ಕುಳಿತಿವೆ. ಅವು ಕೊಡುವ ಕಿಣ್ವಗಳ ಕೆಲಸವನ್ನು ಕೆರೆಯ ತೂಬಿಗೆ ಹೋಲಿಸಬಹುದು. ಸಸ್ಯಜನ್ಯ ಎಣ್ಣೆಗಳಲ್ಲಿ ಲಿನೋಲೆಯಿಕ್ ಆಮ್ಲ ಎಂಬ ಒಮೆಗಾ-6 ಕೊಬ್ಬು ಧಾರಾಳವಾಗಿರುತ್ತದೆ. ಅದರ ಸರಪಳಿಯಲ್ಲಿ 18 ಇಂಗಾಲದ ಪರಮಾಣುಗಳಿವೆ. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳಲಾರದು, ಆದರೆ ಹೊರಗಿನಿಂದ ಬಂದದ್ದನ್ನು ಹಂತಹಂತವಾಗಿ ಮಾರ್ಪಡಿಸಿ 20 ಇಂಗಾಲದ ಅರಾಕಿಡೋನಿಕ್ ಆಮ್ಲವನ್ನಾಗಿ ಮಾಡುತ್ತದೆ. ಈ ಹರಿವಿನ ನಡುವಿನ ಎರಡು ತೂಬುಗಳೇ ಆ ಕಿಣ್ವಗಳು. ಕೆಲವರಿಗೆ ಹುಟ್ಟಿನಿಂದ ಅಗಲವಾದ ತೂಬು ಬಂದಿರುತ್ತದೆ, ಕೆಲವರಿಗೆ ಕಿರಿದಾದದ್ದು. ವ್ಯತ್ಯಾಸ ಸಣ್ಣದಲ್ಲ. ರಕ್ತದಲ್ಲಿ ಅರಾಕಿಡೋನಿಕ್ ಆಮ್ಲ ಒಬ್ಬರಿಂದ ಒಬ್ಬರಿಗೆ ಬೇರೆಯಾಗುವುದರ ಶೇ 18ಕ್ಕೂ ಹೆಚ್ಚು ಭಾಗವನ್ನು ಈ ಒಂದೇ ಜಾಗದ ಒಂದೇ ಅಕ್ಷರದ ಬದಲಾವಣೆ ವಿವರಿಸುತ್ತದೆ ಎಂದು 2009ರ ಅಧ್ಯಯನವೊಂದು ತೋರಿಸಿತು. ಜನಸಾಮಾನ್ಯರಲ್ಲಿ ಹರಡಿರುವ ಒಂದು ಅಕ್ಷರಕ್ಕೆ ಇಷ್ಟು ಬಲ ಇರುವುದು ಅಪರೂಪ.

2014ರಲ್ಲಿ ಚೀನಾ, ಜಪಾನ್, ಕೊರಿಯಾ ಜನರ ಮೇಲೆ ನಡೆದ ದೊಡ್ಡ ಅಧ್ಯಯನ ಇದೇ ಜಾಗವನ್ನು ಕರುಳಿನ ಕ್ಯಾನ್ಸರಿನ ಗುರುತುಗಳ ಪಟ್ಟಿಗೆ ಸೇರಿಸಿತು. ಅಗಲ ತೂಬಿನ ಪ್ರತಿ ಒಂದಿದ್ದರೆ ಅಪಾಯ ಶೇ 10ರಿಂದ 20ರ ನಡುವೆ ಏರುತ್ತದೆ. ಯುರೋಪ್ ಮೂಲದವರಲ್ಲಿ ಪರಿಣಾಮದ ದಿಕ್ಕು ಅದೇ, ಪ್ರಮಾಣ ಮಾತ್ರ ಕಡಿಮೆ. ಆಮೇಲೆ ಬಂದ ಹಲವು ವಿಶ್ಲೇಷಣೆಗಳು ಕಟಾನ್ ಉಪಾಯವನ್ನೇ ಬಳಸಿ, ಹುಟ್ಟಿನಿಂದ ಅರಾಕಿಡೋನಿಕ್ ಆಮ್ಲ ಹೆಚ್ಚಿರುವವರಲ್ಲಿ ಈ ಕ್ಯಾನ್ಸರ್ ಹೆಚ್ಚು ಎಂದವು. ಹೀಗೆ ಕೊಲೆಸ್ಟರಾಲ್ ಪಾರಾದ ಪರೀಕ್ಷೆಯಲ್ಲಿ ಅರಾಕಿಡೋನಿಕ್ ಆಮ್ಲ ಸಿಕ್ಕಿಬಿದ್ದಿತು.

ಈ ಫಲಿತಾಂಶವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಕ್ಕೆ ಕಾರಣ ಅಂಕಿಗಳಷ್ಟೇ ಅಲ್ಲ, ಅವು ಹಳೆಯದೊಂದು ಕಥೆಯೊಂದಿಗೆ ಹೊಂದಿಕೊಳ್ಳುವ ರೀತಿ. ಅರಾಕಿಡೋನಿಕ್ ಆಮ್ಲವನ್ನು ಕಾಕ್ಸ್ ಎಂಬ ಕಿಣ್ವಗಳು ಪ್ರೊಸ್ಟಗ್ಲಾಂಡಿನ್‌ಗಳಾಗಿ ಬದಲಿಸುತ್ತವೆ. ಇವುಗಳಲ್ಲಿ ಇ2 ಎಂಬ ಪ್ರೊಸ್ಟಗ್ಲಾಂಡಿನ್ (ಏಪೊ-ಇ2ಗೂ ಇದಕ್ಕೂ ಸಂಬಂಧವಿಲ್ಲ, ಹೆಸರಿಡುವವರಿಗೆ ಅಕ್ಷರಗಳ ಬರಗಾಲವಿದ್ದಂತಿದೆ) ಕರುಳಿನ ಒಳಪದರದ ಜೀವಕೋಶಗಳನ್ನು ಬೆಳೆಯುವಂತೆ ಹುರಿದುಂಬಿಸುತ್ತದೆ, ಸಾಯಬೇಕಾದ ಕೋಶ ಸಾಯದಂತೆ ತಡೆಯುತ್ತದೆ, ಹೊಸ ರಕ್ತನಾಳಗಳಿಗೆ ದಾರಿ ಮಾಡುತ್ತದೆ. ಆರೋಗ್ಯವಂತ ಕರುಳಿನಲ್ಲಿ ಅದನ್ನು ಒಡೆದುಹಾಕುವ ಇನ್ನೊಂದು ಕಿಣ್ವ ಕಾವಲಿಗಿರುತ್ತದೆ. ಗಡ್ಡೆಗಳಲ್ಲಿ ಸಾಮಾನ್ಯವಾಗಿ ಉತ್ಪಾದನೆ ಏರಿರುತ್ತದೆ, ಕಾವಲು ಮಾಯವಾಗಿರುತ್ತದೆ. ಆಸ್ಪಿರಿನ್ ಮಾಡುವ ಕೆಲಸ ಕಾಕ್ಸ್ ಕಿಣ್ವದ ಬಾಯಿ ಕಟ್ಟುವುದು. ಇದನ್ನು 1971ರಲ್ಲಿ ತೋರಿಸಿದ ಜಾನ್ ವೇನ್, ಪ್ರೊಸ್ಟಗ್ಲಾಂಡಿನ್‌ಗಳ ಮೇಲೆ ದುಡಿದ ಇನ್ನಿಬ್ಬರೊಂದಿಗೆ 1982ರ ನೊಬೆಲ್ ಹಂಚಿಕೊಂಡರು.

ಹರಿವಿನ ಮೇಲ್ಭಾಗದಲ್ಲಿ ಜೀನ್, ಕೆಳಭಾಗದಲ್ಲಿ ಆಸ್ಪಿರಿನ್. ಎರಡೂ ಕಡೆಯಿಂದ ತಡೆದಾಗ ಒಂದೇ ಫಲ ಸಿಕ್ಕರೆ ನಡುವಿನ ಕಾಲುವೆಯ ಮೇಲೆ ಅನುಮಾನ ಪಡುವುದು ನ್ಯಾಯ. ಲಿಂಚ್ ಸಿಂಡ್ರೋಮ್ ಇರುವ 861 ಜನರಿಗೆ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ಅಥವಾ ಹುಸಿ ಮಾತ್ರೆ ಕೊಟ್ಟ ಪ್ರಯೋಗದಲ್ಲಿ, ಹತ್ತು ವರ್ಷಗಳ ಅನುಸರಣೆಯ ಬಳಿಕ ಹುಸಿ ಮಾತ್ರೆಯವರಲ್ಲಿ ಶೇ 13 ಮಂದಿಗೆ, ಆಸ್ಪಿರಿನ್ ಪಡೆದವರಲ್ಲಿ ಶೇ 9 ಮಂದಿಗೆ ಕರುಳಿನ ಕ್ಯಾನ್ಸರ್ ಬಂದಿತ್ತು. ಫಲ ತಕ್ಷಣ ಕಾಣಲಿಲ್ಲ, ಮಾತ್ರೆ ನುಂಗಿ ಹಲವು ವರ್ಷ ಕಳೆದ ಮೇಲೆ ಕಂಡಿತು. ಕರುಳಿನಲ್ಲಿ ಪಾಲಿಪ್ ಕ್ಯಾನ್ಸರ್ ಆಗಲು ಹತ್ತು ವರ್ಷವೋ ಇನ್ನೂ ಹೆಚ್ಚೋ ಹಿಡಿಯುವುದರಿಂದ ಇದು ಸಹಜವೇ.

ಆದರೆ ಈ ಕಾಲುವೆ ಕರುಳಿಗೆ ಮಾತ್ರ ನೀರುಣಿಸುವುದಿಲ್ಲ. ಪಾಲಿಪ್ ಮರುಕಳಿಸುವುದನ್ನು ತಡೆಯುತ್ತದೆಯೇ ಎಂದು ನೋಡಲು ರೊಫೆಕಾಕ್ಸಿಬ್ ಎಂಬ ಔಷಧವನ್ನು ಸುಮಾರು 2,600 ಜನರ ಮೇಲೆ ಪರೀಕ್ಷಿಸಲಾಯಿತು. ಅದು ಕಾಕ್ಸ್-2 ಕಿಣ್ವವನ್ನಷ್ಟೇ ಗುರಿಯಿಟ್ಟು ತಡೆಯುವ ಮದ್ದು. ಪಾಲಿಪ್‌ಗಳು ಕಡಿಮೆಯಾದವು. ಜತೆಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಸುಮಾರು ಇಮ್ಮಡಿಯಾಯಿತು. 2004ರ ಸೆಪ್ಟೆಂಬರಿನಲ್ಲಿ ಔಷಧವನ್ನು ಮಾರುಕಟ್ಟೆಯಿಂದಲೇ ಹಿಂಪಡೆಯಲಾಯಿತು. ಅರಾಕಿಡೋನಿಕ್ ಆಮ್ಲ ಕೆಟ್ಟದ್ದು, ಅದನ್ನು ತಡೆದರಾಯಿತು ಎಂದು ಹೇಳುವವರು ಈ ಘಟನೆಯನ್ನು ನೆನಪಿಟ್ಟುಕೊಳ್ಳಬೇಕು. ಮೆದುಳಿಗೆ, ರಕ್ತನಾಳಕ್ಕೆ, ಗರ್ಭದಲ್ಲಿರುವ ಶಿಶುವಿಗೆ ಅದು ಬೇಕೇ ಬೇಕು.

ಈಗ ಜೀನ್ ಸಾಕ್ಷಿಯ ಪಾಟೀಸವಾಲಿಗೆ ಬರೋಣ. ಇಲ್ಲೊಂದು ತೊಡಕಿದೆ, ಮತ್ತು ನನಗೆ ಕಂಡಂತೆ ಜನಪ್ರಿಯ ಬರಹಗಳು ಹೆಚ್ಚಾಗಿ ಎಡವುವುದು ಇಲ್ಲೇ. ಆ ತೂಬಿನಲ್ಲಿ ಒಮೆಗಾ-6 ಒಂದೇ ಹರಿಯುವುದಿಲ್ಲ. ಒಮೆಗಾ-3 ಕೊಬ್ಬುಗಳೂ ಅದೇ ಕಿಣ್ವಗಳನ್ನು ಹಾದು ಇಪಿಎ ಎಂಬ 20 ಇಂಗಾಲದ ಕೊಬ್ಬಾಗುತ್ತವೆ. ಮೀನೆಣ್ಣೆಯ ಮಾತ್ರೆಗಳು ಹೊಗಳಿಕೊಳ್ಳುವುದು ಇದನ್ನೇ, ಉರಿಯೂತ ತಗ್ಗಿಸುವ ಒಳ್ಳೆಯ ಕೊಬ್ಬೆಂದು. ತೂಬು ಅಗಲವಾಗಿ ಹುಟ್ಟಿದವರಲ್ಲಿ ಅರಾಕಿಡೋನಿಕ್ ಆಮ್ಲವೂ ಹೆಚ್ಚು, ಇಪಿಎಯೂ ಹೆಚ್ಚು. ಹೀಗಾಗಿ ಜೀನ್‌ಗಳನ್ನೇ ಅಳತೆಗೋಲು ಮಾಡಿಕೊಂಡು ಲೆಕ್ಕ ಹಾಕಿದರೆ ‘ಒಳ್ಳೆಯ’ ಇಪಿಎ ಕೂಡ ಕ್ಯಾನ್ಸರ್ ತರುವಂತೆ ಕಾಣುತ್ತದೆ! ಇನ್ನು ಲಿನೋಲೆಯಿಕ್ ಆಮ್ಲದ ಕಥೆ ಇದಕ್ಕೆ ತಿರುಗುಮುರುಗು. ತೂಬು ಕಿರಿದಾದರೆ ನೀರು ಕೆರೆಯಲ್ಲೇ ನಿಲ್ಲುವಂತೆ, ನಿಧಾನದ ಕಿಣ್ವವಿರುವವರ ರಕ್ತದಲ್ಲಿ ಅದು ಪರಿವರ್ತನೆಯಾಗದೆ ಉಳಿದುಕೊಳ್ಳುತ್ತದೆ. ಅದೇ ಲೆಕ್ಕದ ಪ್ರಕಾರ ಲಿನೋಲೆಯಿಕ್ ಆಮ್ಲ ಕ್ಯಾನ್ಸರಿನಿಂದ ಕಾಪಾಡುವಂತೆ ತೋರುತ್ತದೆ.

ಒಂದೇ ಜಾಗದ ಒಂದೇ ವ್ಯತ್ಯಾಸ ಮೂರು ಕೊಬ್ಬುಗಳ ಬಗ್ಗೆ ಮೂರು ‘ತೀರ್ಪು’ ಕೊಟ್ಟಂತೆ ಭಾಸವಾಗುತ್ತದೆ. ವಾಸ್ತವದಲ್ಲಿ ಸಾಕ್ಷಿ ನುಡಿದಿರುವುದು ಒಂದೇ ಮಾತನ್ನು: ತೂಬು ಅಗಲವಾದಷ್ಟೂ ಅಪಾಯ ತುಸು ಹೆಚ್ಚು. ಆ ಹೆಚ್ಚಳಕ್ಕೆ ಯಾವ ಕೊಬ್ಬು ಹೊಣೆ ಎಂದು ಜೀನ್ ಪ್ರತ್ಯೇಕವಾಗಿ ಹೇಳುತ್ತಿಲ್ಲ. ಅರಾಕಿಡೋನಿಕ್ ಆಮ್ಲದತ್ತ ಬೆರಳು ತೋರಿಸುವುದು ಆಸ್ಪಿರಿನ್ ಮತ್ತು ಪ್ರೊಸ್ಟಗ್ಲಾಂಡಿನ್‌ಗಳ ಹಳೆಯ ಕಥೆ. 2023ರಲ್ಲಿ ಹಲವು ಬಗೆಯ ಕ್ಯಾನ್ಸರ್‌ಗಳನ್ನು ಒಟ್ಟಿಗೆ ನೋಡಿದ ದೊಡ್ಡ ವಿಶ್ಲೇಷಣೆಯೊಂದು ಒಂದೊಂದೇ ಕೊಬ್ಬಿನ ಹೆಸರು ಹಿಡಿಯುವ ಬದಲು ಆ ಕಿಣ್ವಗಳ ಚಟುವಟಿಕೆಯನ್ನೇ ಅಳತೆಗೋಲು ಮಾಡಿಕೊಂಡಿತು. ಕರುಳು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್‌ಗಳೊಂದಿಗೆ ಅದಕ್ಕೆ ನಂಟು ಕಂಡಿತು. ಪ್ರಾಮಾಣಿಕವಾದ ದಾರಿ ಇದು. ಪಕ್ಕದಲ್ಲೇ ಕುಳಿತು ಒಟ್ಟಾಗಿಯೇ ಮುಂದಿನ ಪೀಳಿಗೆಗೆ ಸಾಗುವ ಎಂವೈಆರ್‌ಎಫ್, ಎಫ್‌ಇಎನ್‌1 ಎಂಬ ಬೇರೆ ಕೆಲಸದ ಜೀನ್‌ಗಳೂ ಇವೆ ಎಂಬುದನ್ನೂ ಮರೆಯುವಂತಿಲ್ಲ.

ಎಣ್ಣೆಯ ಜಗಳಕ್ಕೂ ಇಲ್ಲಿ ಉತ್ತರವಿದೆ. ಬೀಜದ ಎಣ್ಣೆಗಳಲ್ಲಿ ಲಿನೋಲೆಯಿಕ್ ಆಮ್ಲವಿದೆ, ಅದು ಅರಾಕಿಡೋನಿಕ್ ಆಮ್ಲವಾಗುತ್ತದೆ, ಅದರಿಂದ ಉರಿಯೂತ, ಉರಿಯೂತದಿಂದ ಕ್ಯಾನ್ಸರ್, ಆದ್ದರಿಂದ ಬೀಜದ ಎಣ್ಣೆಯೇ ವಿಷ ಎಂಬ ಸರಪಳಿ ವಾದ ಅಂತರ್ಜಾಲದಲ್ಲಿ ಜೋರಾಗಿ ಓಡುತ್ತಿದೆ. ಸರಪಳಿಯ ಮೊದಲ ಕೊಂಡಿಯೇ ಸಡಿಲ. ವಯಸ್ಕರ ಆಹಾರದಲ್ಲಿ ಲಿನೋಲೆಯಿಕ್ ಆಮ್ಲವನ್ನು ಏರಿಸಿದ, ಇಳಿಸಿದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ 2011ರ ಪರಾಮರ್ಶೆಯಲ್ಲಿ, ರಕ್ತದ ಅರಾಕಿಡೋನಿಕ್ ಆಮ್ಲ ಗಮನಾರ್ಹವಾಗಿ ಕದಲಲೇ ಇಲ್ಲ. ಕೆರೆಗೆ ಎಷ್ಟೇ ನೀರು ಬಂದರೂ ಕಾಲುವೆಗೆ ಹರಿಯುವುದನ್ನು ನಿರ್ಧರಿಸುವುದು ತೂಬು. ಮಾಂಸ, ಮೊಟ್ಟೆಗಳಲ್ಲಿ ಸಿದ್ಧರೂಪದಲ್ಲೇ ಇರುವ ಅರಾಕಿಡೋನಿಕ್ ಆಮ್ಲ ಮಾತ್ರ ತೂಬನ್ನು ಬಳಸಿಕೊಳ್ಳದೆ ನೇರವಾಗಿ ಒಳಬರುತ್ತದೆ.

ಇನ್ನೊಂದು ಸುದ್ದಿ 2016ರದು. ಪುಣೆಯ ಬಹುಪಾಲು ಸಸ್ಯಾಹಾರಿಗಳಾದ ಒಂದು ಗುಂಪನ್ನೂ ಅಮೆರಿಕದ ಕ್ಯಾನ್ಸಸ್‌ನ ಒಂದು ಗುಂಪನ್ನೂ ಹೋಲಿಸಿದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು, ತೂಬನ್ನು ಚುರುಕುಗೊಳಿಸುವ ಒಂದು ಡಿಎನ್‌ಎ ತುಣುಕಿನ ಎರಡೂ ಪ್ರತಿ ಇರುವವರು ಮೊದಲ ಗುಂಪಿನಲ್ಲಿ ಶೇ 68, ಎರಡನೆಯದರಲ್ಲಿ ಶೇ 18 ಎಂದು ವರದಿ ಮಾಡಿದರು. ತಲೆಮಾರುಗಳಿಂದ ಸಸ್ಯಾಹಾರವನ್ನೇ ನಂಬಿ ಬದುಕಿದವರಲ್ಲಿ, ಸಸ್ಯದ ಕೊಬ್ಬಿನಿಂದ ಉದ್ದದ ಕೊಬ್ಬು ಮಾಡಿಕೊಳ್ಳಬಲ್ಲವರು ಹೆಚ್ಚು ಉಳಿದುಕೊಂಡರು ಎಂಬುದು ಅವರ ವಾದ. ಕಡಲಪ್ರಾಣಿಗಳನ್ನೇ ತಿಂದು ಬದುಕಿದ ಗ್ರೀನ್‌ಲ್ಯಾಂಡಿನ ಇನುಯಿಟ್ ಜನರಲ್ಲಿ ಆಯ್ಕೆ ಇದರ ವಿರುದ್ಧ ದಿಕ್ಕಿನಲ್ಲಿ ನಡೆದಿತ್ತೆಂದು ಅದಕ್ಕೆ ಒಂದು ವರ್ಷ ಮೊದಲು ಗೊತ್ತಾಗಿತ್ತು. ಸೊಗಸಾದ ವಿಕಾಸದ ಕಥೆ. ಆದರೆ ಕೆಲವು ಪತ್ರಿಕೆಗಳ ತಲೆಬರಹದಲ್ಲಿ ಅದು ‘ಸಸ್ಯಾಹಾರದಿಂದ ಡಿಎನ್‌ಎ ಬದಲಾಗಿ ಕ್ಯಾನ್ಸರ್ ಅಪಾಯ’ ಎಂದಾಯಿತು. ಆ ಅಧ್ಯಯನ ಯಾವ ಕ್ಯಾನ್ಸರ್ ರೋಗಿಯನ್ನೂ ಲೆಕ್ಕ ಹಾಕಿರಲಿಲ್ಲ.

ಲೆಕ್ಕ ಹಾಕಿದರೆ ಸಿಗುವ ಚಿತ್ರವೇ ಬೇರೆ. ಅಗಲ ತೂಬು ಅತಿ ಹೆಚ್ಚಾಗಿರುವುದು ಆಫ್ರಿಕ ಮೂಲದ ಜನರಲ್ಲಿ. ಆಫ್ರಿಕನ್ ಅಮೆರಿಕನ್ನರಲ್ಲಿ ಸುಮಾರು ಐವರಲ್ಲಿ ನಾಲ್ವರಿಗೆ ಅದರ ಎರಡೂ ಪ್ರತಿಗಳಿದ್ದರೆ, ಯುರೋಪ್ ಮೂಲದ ಅಮೆರಿಕನ್ನರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿಗಿವೆ. ಆದರೂ ದಕ್ಷಿಣ ಆಫ್ರಿಕದ ಹಳ್ಳಿಗರಲ್ಲಿ ಕರುಳಿನ ಕ್ಯಾನ್ಸರ್ ಲಕ್ಷ ಜನರಲ್ಲಿ ವರ್ಷಕ್ಕೆ ಐದಕ್ಕಿಂತ ಕಡಿಮೆ, ಆಫ್ರಿಕನ್ ಅಮೆರಿಕನ್ನರಲ್ಲಿ ಲಕ್ಷಕ್ಕೆ 65ರಷ್ಟು. ಜೀನ್ ಇವರಿಬ್ಬರನ್ನು ಇಷ್ಟು ದೂರ ಮಾಡಲು ಸಾಧ್ಯವಿಲ್ಲ. 2015ರಲ್ಲಿ ಪ್ರಕಟವಾದ ಒಂದು ದಿಟ್ಟ ಪ್ರಯೋಗದಲ್ಲಿ ಎರಡೂ ಕಡೆಯ ಇಪ್ಪತ್ತಿಪ್ಪತ್ತು ಮಂದಿಯ ಊಟವನ್ನು ಎರಡು ವಾರ ಅದಲುಬದಲು ಮಾಡಲಾಯಿತು. ಅಮೆರಿಕನ್ನರ ನಾರಿನಂಶ ದಿನಕ್ಕೆ 14 ಗ್ರಾಂನಿಂದ 55ಕ್ಕೆ ಏರಿತು, ಕೊಬ್ಬಿನ ಪಾಲು ಶೇ 35ರಿಂದ 16ಕ್ಕೆ ಇಳಿಯಿತು. ಹಳ್ಳಿಗರಿಗೆ ಇದಕ್ಕೆ ಉಲ್ಟಾ. ಹದಿನೈದು ದಿನ ತುಂಬುವ ಮೊದಲೇ ಕರುಳಿನ ಉರಿಯೂತದ ಗುರುತುಗಳು ಎರಡೂ ಕಡೆ ಜಾಗ ಬದಲಿಸಿದವು.

ಅಲ್ಲಿ ಕೊಬ್ಬಿನ ಇನ್ನೊಂದು ಹಾದಿಯೂ ಕಾಣಿಸಿತು. ಕೊಬ್ಬು ಜೀರ್ಣವಾಗಲು ಯಕೃತ್ತು ಪಿತ್ತರಸ ಸುರಿಸುತ್ತದೆ. ಅದರಲ್ಲಿ ಸ್ವಲ್ಪ ಭಾಗ ದೊಡ್ಡ ಕರುಳಿಗೆ ಇಳಿದು, ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ, ಕೋಶಗಳ ಡಿಎನ್‌ಎಗೆ ಪೆಟ್ಟು ಕೊಡಬಲ್ಲ ಡಿಆಕ್ಸಿಕೋಲಿಕ್ ಆಮ್ಲದಂಥ ವಸ್ತುವಾಗುತ್ತದೆ. ಊಟ ಬದಲಾದಾಗ ಇಂಥ ಆಮ್ಲಗಳು ಅಮೆರಿಕನ್ನರಲ್ಲಿ ಅರ್ಧಕ್ಕಿಂತ ಕೆಳಗಿಳಿದವು, ಹಳ್ಳಿಗರಲ್ಲಿ ಹಲವು ಪಟ್ಟು ಏರಿದವು. ನಾರು, ಕೊಬ್ಬು ಎರಡನ್ನೂ ಒಟ್ಟಿಗೆ ಬದಲಿಸಿದ್ದರಿಂದ ಯಾವುದರ ಫಲ ಎಷ್ಟು ಎಂದು ಬೇರ್ಪಡಿಸಲಾಗದು ಎಂಬುದು ನಿಜ. ಆದರೂ ತೂಬಿನ ಅಗಲ ಹಾಗೇ ಇದ್ದು, ಕರುಳಿನ ಒಳಗಿನ ವಾತಾವರಣ ಎರಡೇ ವಾರದಲ್ಲಿ ತಿರುಗಬಲ್ಲದು.

ಹಾಗಾದರೆ ಲಾಲಾರಸ ಕಳುಹಿಸಿ ತನ್ನ ತೂಬಿನ ಅಗಲ ತಿಳಿದುಕೊಳ್ಳುವವರಿಗೆ ಏನು ಸಿಗುತ್ತದೆ? ಶ್ರೀಮಂತ ದೇಶಗಳಲ್ಲಿ ಒಬ್ಬ ವ್ಯಕ್ತಿಗೆ ಜೀವಮಾನದಲ್ಲಿ ಈ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇ 4. ಅದು ಶೇ 15ರಷ್ಟು ಏರಿದರೆ ಶೇ 4.6. ನೂರು ಜನರಲ್ಲಿ ಒಬ್ಬರೂ ಹೆಚ್ಚಾಗಲಿಲ್ಲ. ಅದೇ ತಂದೆ, ತಾಯಿ ಅಥವಾ ಒಡಹುಟ್ಟಿದವರಲ್ಲಿ ಒಬ್ಬರಿಗೆ ಈ ರೋಗ ಬಂದಿದ್ದರೆ ಅಪಾಯ ಸುಮಾರು ಇಮ್ಮಡಿಯಾಗುತ್ತದೆ, ಅದನ್ನು ತಿಳಿಯಲು ಪ್ರಯೋಗಾಲಯವೂ ಬೇಡ. 45 ಅಥವಾ 50ರ ವಯಸ್ಸಿನಲ್ಲಿ ಮಲಪರೀಕ್ಷೆಯೋ ಕೊಲೊನೊಸ್ಕೋಪಿಯೋ ಮಾಡಿಸಿಕೊಂಡರೆ ಪಾಲಿಪ್ ಕ್ಯಾನ್ಸರಾಗುವ ಮೊದಲೇ ಸಿಗಬಹುದು. ಈ ಜೀನಿನ ಫಲಿತಾಂಶ ತೋರಿಸಿ ‘ನಿಮಗೆ ಹೇಳಿ ಮಾಡಿಸಿದ’ ಕೊಬ್ಬಿನ ಮಾತ್ರೆ ಮಾರುವವರ ಬಗ್ಗೆ ನನಗೆ ಗೌರವ ಕಡಿಮೆ.

ಔಷಧಗಳ ವಿಷಯದಲ್ಲಿ ಮಾತ್ರ ಜೀನ್ ನಿಜಕ್ಕೂ ಕೆಲಸಕ್ಕೆ ಬರಬಹುದು. ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲದು, ಎಲ್ಲರಿಗೂ ಹಂಚುವಂಥದ್ದಲ್ಲ. 8,634 ರೋಗಿಗಳನ್ನೂ ಹೆಚ್ಚುಕಡಿಮೆ ಅಷ್ಟೇ ಆರೋಗ್ಯವಂತರನ್ನೂ ಹೋಲಿಸಿದ 2015ರ ಅಧ್ಯಯನದಲ್ಲಿ, ಹನ್ನೆರಡನೇ ವರ್ಣತಂತುವಿನ ಒಂದು ಜಾಗದಲ್ಲಿ ಸಾಮಾನ್ಯ ರೂಪವಿದ್ದವರಿಗೆ ಆಸ್ಪಿರಿನ್ ಬಳಕೆಯೊಂದಿಗೆ ಅಪಾಯ ಇಳಿದಿತ್ತು, ಅಪರೂಪದ ರೂಪವಿದ್ದ ಶೇ 4ರಷ್ಟು ಮಂದಿಯಲ್ಲಿ ಅದು ಏರಿದಂತೆ ಕಂಡಿತು. ಆ ಜಾಗದ ಬಳಿಯಿರುವ ಜೀನ್, ಪ್ರೊಸ್ಟಗ್ಲಾಂಡಿನ್ ಇ2 ತಯಾರಿಸುವ ಕಿಣ್ವದ ನೆಂಟ. ಆದರೆ ಆಸ್ಪತ್ರೆಗಳಲ್ಲಿ ಯಾರೂ ಇದನ್ನು ನೋಡಿ ಮಾತ್ರೆ ಬರೆದುಕೊಡುತ್ತಿಲ್ಲ. ಜೀನ್ ನೋಡಿ ಆಸ್ಪಿರಿನ್ ಕೊಡುವ ಪದ್ಧತಿಗೆ ಗಟ್ಟಿ ಆಧಾರ ಸಿಕ್ಕಿದ್ದು 2025ರಲ್ಲಿ, ನಾರ್ಡಿಕ್ ದೇಶಗಳ ಒಂದು ಪ್ರಯೋಗದಿಂದ. ಶಸ್ತ್ರಚಿಕಿತ್ಸೆ ಆದವರಲ್ಲಿ ಪಿಐಕೆ3ಸಿಎ ಎಂಬ ಜೀನ್ ಕೆಟ್ಟಿದ್ದವರಿಗೆ ಮೂರು ವರ್ಷ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ, ಕ್ಯಾನ್ಸರ್ ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿಯಿತು. ಅಲ್ಲಿ ಪರೀಕ್ಷಿಸಿದ್ದು ತಂದೆ ತಾಯಿಯಿಂದ ಬಂದ ಜೀನನ್ನಲ್ಲ, ಗಡ್ಡೆಯೊಳಗೆ ತಾನಾಗಿ ಕೆಟ್ಟ ಜೀನನ್ನು.